ಹದಿನೈದು ದಿನದ ಮುಷ್ಕರ, ಮೂವತ್ತೆಂಟು ತಿಂಗಳ ಬಾಕಿ: ಸಾರಿಗೆ ನೌಕರರ ಸಂಘಟನೆಗಳ ಒಂದು ಪ್ರಕರಣ ಅಧ್ಯಯನ

2021ರ ಏಪ್ರಿಲ್ 7ರಂದು ಕರ್ನಾಟಕದ ನಾಲ್ಕೂ ಸಾರಿಗೆ ನಿಗಮಗಳ ಬಸ್ಸುಗಳು ಡಿಪೊದಲ್ಲೇ ಉಳಿದವು. ಹದಿನೈದು ದಿನಗಳ ನಂತರ, ಏಪ್ರಿಲ್ 21ರಂದು, ಹೈಕೋರ್ಟ್ ಮಾತಿಗೆ ತಲೆಬಾಗಿ ಮುಷ್ಕರ ನಿಂತಿತು. ನೌಕರರು ಕೇಳಿದ್ದು ಸರ್ಕಾರಿ ನೌಕರರಿಗಿದ್ದ ಆರನೇ ವೇತನ ಆಯೋಗದ ಸಂಬಳ. ಕೆಲಸಕ್ಕೆ ಮರಳುವಾಗ ಅವರ ಕೈಯಲ್ಲಿ ಸಂಬಳದ ಆದೇಶ ಇರಲಿಲ್ಲ. ಸಾವಿರಾರು ಜನರ ಹೆಸರಿಗೆ ಅಮಾನತು, ವಜಾ, ವರ್ಗಾವಣೆಯ ಪತ್ರಗಳಿದ್ದವು.

ದಶಕಗಳಿಂದ ನಿಗಮದಲ್ಲಿದ್ದ ಸಂಘಗಳು ಕರೆದ ಮುಷ್ಕರ ಇದಲ್ಲ. ಎಚ್.ವಿ. ಅನಂತಸುಬ್ಬರಾವ್ ನೇತೃತ್ವದ, ಎಐಟಿಯುಸಿ ಎಂಬ ರಾಷ್ಟ್ರಮಟ್ಟದ ಕಾರ್ಮಿಕ ಸಂಘಟನೆಗೆ ಸೇರಿದ ಸ್ಟಾಫ್ ಅಂಡ್ ವರ್ಕರ್ಸ್ ಫೆಡರೇಷನ್ ದೂರ ಉಳಿಯಿತು. ಕರೆ ಕೊಟ್ಟದ್ದು ಸಾರಿಗೆ ನೌಕರರ ಕೂಟ. ಅದರ ಗೌರವಾಧ್ಯಕ್ಷರಾಗಿದ್ದವರು ರೈತ ಮುಖಂಡ ಕೋಡಿಹಳ್ಳಿ ಚಂದ್ರಶೇಖರ್. ಒಂದೇ ಡಿಪೊ, ಒಂದೇ ಖಾಕಿ, ಒಂದೇ ಸಂಬಳದ ಶ್ರೇಣಿ. ಆದರೂ ಸಂಘ ಯಾಕೆ ಬೇಕು ಎಂಬುದಕ್ಕೆ ಒಂದಕ್ಕೊಂದು ಹೊಂದದ ಎರಡು ಉತ್ತರಗಳು. ಆ ಎರಡರ ನಡುವೆ ನೌಕರ ಏನು ಕಳೆದುಕೊಂಡ, ಯಾವ ಹಂತದಲ್ಲಿ ಕಳೆದುಕೊಂಡ ಎಂಬುದನ್ನು ಇಲ್ಲಿ ಲೆಕ್ಕ ಹಾಕಿ ನೋಡಿದೆ.

ನಾಲ್ಕು ವರ್ಷಕ್ಕೊಮ್ಮೆ ಬರುವ ಸಂಬಳ

ಬಸ್ ನೌಕರರು ಒಂದು ಕಾಲಕ್ಕೆ ಸರ್ಕಾರಿ ನೌಕರರೇ. 1948ರಲ್ಲಿ ಆರಂಭವಾದ ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ 1961ರಲ್ಲಿ ನಿಗಮವಾಯಿತು. ಆಗಿನಿಂದ 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ ಇವರಿಗೆ ಅನ್ವಯ. 1997ರಲ್ಲಿ ಬೆಂಗಳೂರು ಮತ್ತು ವಾಯವ್ಯ, 2000ದಲ್ಲಿ ಈಶಾನ್ಯ (ಈಗಿನ ಕಲ್ಯಾಣ ಕರ್ನಾಟಕ) ನಿಗಮಗಳು ಬೇರೆಯಾದವು. ನಿಗಮ ನಾಲ್ಕಾದರೂ ವೇತನದ ಮಾತುಕತೆ ಮಾತ್ರ ಒಟ್ಟಿಗೇ ನಡೆದುಬಂದಿದೆ.

ಸರ್ಕಾರಿ ನೌಕರರ ಸಂಬಳವನ್ನು ಆಯೋಗ ಶಿಫಾರಸು ಮಾಡುತ್ತದೆ, ಸಂಪುಟ ಒಪ್ಪುತ್ತದೆ. ಸಾರಿಗೆ ನೌಕರರು 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರು. ಇವರದು ಬೇಡಿಕೆ ಪಟ್ಟಿ, ಮಾತುಕತೆ, ಒಪ್ಪಂದದ ದಾರಿ. ರೂಢಿಯಲ್ಲಿ ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಣೆ. 2016ರ ಜುಲೈ 25ರಿಂದ 27ರವರೆಗೆ ಮೂರು ದಿನ ಮುಷ್ಕರ ನಡೆದಾಗ ಸಂಘಗಳು ಕೇಳಿದ್ದು ಶೇ. 35, ಸಿಕ್ಕಿದ್ದು ಶೇ. 12.5. ಅದರ ಅವಧಿ 2019ರ ಡಿಸೆಂಬರ್ 31ಕ್ಕೆ ಮುಗಿಯಿತು. ಮುಂದಿನದು 2020ರ ಜನವರಿ 1ರಿಂದ ಬರಬೇಕಿತ್ತು.

ಆ ದಿನಾಂಕವನ್ನು ಗಮನದಲ್ಲಿಡಿ. ಈ ಪ್ರಕರಣದಲ್ಲಿ ಹೆಚ್ಚಳದ ಶೇಕಡಾವಾರಿಗಿಂತ ತೂಕವುಳ್ಳದ್ದು ಅದು.

ಒಪ್ಪಂದ ಎಂದರೆ ಆ ಕಾಯ್ದೆಯಲ್ಲಿ ಎರಡು ಬಗೆ ಇತ್ತು. ಆಡಳಿತ ಮತ್ತು ಸಂಘ ತಾವೇ ಕೂತು ಮಾಡಿಕೊಂಡದ್ದು 18(1)ನೇ ಕಲಂ ಪ್ರಕಾರ ಸಹಿ ಹಾಕಿದವರನ್ನಷ್ಟೇ ಬಂಧಿಸುತ್ತಿತ್ತು. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ 12(3)ನೇ ಕಲಂ ಅಡಿ ಆದ ಒಪ್ಪಂದ 18(3)ರ ಪ್ರಕಾರ ಎಲ್ಲರಿಗೂ ಅನ್ವಯ: ಸಂಘದ ಸದಸ್ಯನಲ್ಲದವನಿಗೆ, ಎದುರು ಸಂಘದವನಿಗೆ, ನಾಳೆ ಕೆಲಸಕ್ಕೆ ಸೇರುವವನಿಗೆ ಕೂಡ. ಅವಧಿ ಮುಗಿದರೂ ಯಾರಾದರೂ ಎರಡು ತಿಂಗಳ ನೋಟಿಸ್ ಕೊಟ್ಟು ಕೊನೆಗೊಳಿಸುವವರೆಗೆ ಅದು ಜೀವಂತ. ಒಪ್ಪಂದದ ಹಣ ಕೊಡದಿದ್ದರೆ 33ಸಿ(1)ನೇ ಕಲಂ ಅಡಿ ಸರ್ಕಾರಕ್ಕೆ ಅರ್ಜಿ ಹಾಕಿ ಭೂಕಂದಾಯದ ಬಾಕಿ ವಸೂಲಿ ಮಾಡುವಂತೆ ವಸೂಲಿ ಮಾಡಿಸಬಹುದಿತ್ತು. ಉಲ್ಲಂಘನೆಗೆ 29ನೇ ಕಲಂನಲ್ಲಿ ಆರು ತಿಂಗಳವರೆಗೆ ಜೈಲು ಇತ್ತು.

ಫೆಡರೇಷನ್‌ನಂಥ ಹಳೆಯ ಸಂಘ ತನ್ನ ಬೆಲೆ ಎಂದು ತೋರಿಸುವುದು ಇದನ್ನೇ. ಭಾಷಣ, ಮೆರವಣಿಗೆ ಅದರ ಕೆಲಸದ ಒಂದು ಭಾಗ. ದಿನಾಂಕ ಬರೆದ ಕಾಗದದ ಮೇಲಿನ ಸಹಿ ಅದರ ಫಲ. ಈ ದೃಷ್ಟಿ ತಪ್ಪಲ್ಲ. ಆದರೆ 2020ರ ಜನವರಿ ಕಳೆದು ಫೆಬ್ರವರಿ ಬಂದರೂ ಹೊಸ ಸಹಿ ಆಗಲಿಲ್ಲ, ಮಾರ್ಚ್‌ನಲ್ಲಿ ಕೋವಿಡ್ ಬಂದು ಬಸ್ಸು ನಿಂತವು. ಸಹಿಯೇ ತನ್ನ ಬೆಲೆ ಎನ್ನುವ ಸಂಘಕ್ಕೆ ಸಹಿ ಸಿಗದ ವರ್ಷ ತುಂಬ ಕೆಟ್ಟದ್ದು.

ಡಿಪೊದೊಳಗಿನ ಸಿಟ್ಟು

ಕೂಟ ಬೆಳೆದದ್ದನ್ನು ಹೊರಗಿನವರ ಕುಮ್ಮಕ್ಕು ಎಂದು ಆಗ ಹಲವರು ಹೇಳಿದರು. ಡಿಪೊ ಬಲ್ಲವರು ಹಾಗೆ ಹೇಳಲಾರರು. ಎನ್‌ಐಎನ್‌ಸಿ ಪ್ರಕರಣವನ್ನೇ ನೋಡಿ. ತನಿಖಾ ತಂಡ ಬಸ್ಸು ಹತ್ತಿದಾಗ ಟಿಕೆಟ್ ಇಲ್ಲದ ಪ್ರಯಾಣಿಕ ಸಿಕ್ಕಿದರೆ, ನಿರ್ವಾಹಕ ಅವನಿಂದ ಹಣವನ್ನೇ ಪಡೆದಿಲ್ಲ ಎಂದು ತಂಡವೇ ಬರೆದುಕೊಂಡರೂ, ಆಪಾದನಾ ಪತ್ರ ನಿರ್ವಾಹಕನಿಗೆ. ‘ನಾಟ್ ಇಶ್ಯೂಡ್, ನಾಟ್ ಕಲೆಕ್ಟೆಡ್’ ಎಂಬುದರ ಚುಟುಕು ಹೆಸರು ಅದು. ತುಂಬಿದ ಬಸ್ಸಿನಲ್ಲಿ ಎರಡು ನಿಲ್ದಾಣದ ನಡುವೆ ಎಲ್ಲರಿಗೂ ಟಿಕೆಟ್ ಕೊಟ್ಟು ಮುಗಿಸಲಾಗದಿದ್ದರೆ ಹಣ ಮುಟ್ಟದವನೂ ವಿಚಾರಣೆಗೆ ನಿಲ್ಲಬೇಕು, ಬಡ್ತಿ ತಡೆಯಬಹುದು, ವರ್ಗಾವಣೆ ಆಗಬಹುದು.

ಬೀದರ್ ಕಡೆಯವರು ಬೆಂಗಳೂರು ನಿಗಮಕ್ಕೆ ಸೇರಿದರೆ ಊರ ಹತ್ತಿರದ ನಿಗಮಕ್ಕೆ ಹೋಗುವ ದಾರಿ ಕಿರಿದು. ಆಗ ತರಬೇತಿ ಅವಧಿ ಎರಡು ವರ್ಷ. ಪೂರ್ತಿ ಡ್ಯೂಟಿ, ಅರೆ ಭದ್ರತೆ. ರಜೆ ಕೇಳಲು ಹೋದರೆ ಡಿಪೊ ಕಚೇರಿಯ ಮರ್ಜಿ ಕಾಯಬೇಕು. ಮಹಿಳಾ ನಿರ್ವಾಹಕಿಯರಿಗೆ ಶೌಚಾಲಯ, ಕೊನೆ ಟ್ರಿಪ್ ಮುಗಿಸಿ ಮನೆಗೆ ಹೋಗುವ ವ್ಯವಸ್ಥೆ, ಇವೆಲ್ಲ ಬೇರೆ. ಕೋವಿಡ್ ಕಾಲದಲ್ಲಿ ಡ್ಯೂಟಿ ಮಾಡಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರದ ಬೇಡಿಕೆಯೂ ಸೇರಿತು. ಇಂಥ ಅಹವಾಲುಗಳನ್ನು ದಿನದಿನವೂ ಹಿಡಿದು ಬಿಡಿಸುವ ಜನ ಡಿಪೊ ಮಟ್ಟದಲ್ಲಿ ತೆಳುವಾಗಿದ್ದರು. ಹಳೆಯ ಸಂಘಗಳು ಇದನ್ನು ಒಪ್ಪಿಕೊಳ್ಳಲೇಬೇಕು. ಆ ಖಾಲಿ ಜಾಗಕ್ಕೆ ವಾಟ್ಸ್‌ಆ್ಯಪ್ ಗುಂಪು ಬಂತು, ಗುಂಪಿನಿಂದ ಕೂಟ ಬಂತು.

ಆಂಧ್ರಪ್ರದೇಶದ ಸುದ್ದಿ ಇದಕ್ಕೆ ಗಾಳಿ ಹಾಕಿತು. ಅಲ್ಲಿ 2020ರ ಜನವರಿ 1ರಿಂದ ಎಪಿಎಸ್‌ಆರ್‌ಟಿಸಿ ನೌಕರರನ್ನು ಕಾನೂನು ಮಾಡಿಯೇ ಸರ್ಕಾರಿ ಸೇವೆಗೆ ಸೇರಿಸಿಕೊಂಡರು. ಕರ್ನಾಟಕದ ನೌಕರರಿಗೆ ಪರಿಷ್ಕರಣೆ ತಪ್ಪಿದ ದಿನವೇ ನೆರೆಯವರಿಗೆ ಸರ್ಕಾರಿ ಸ್ಥಾನ. ತೆಲಂಗಾಣದ್ದು ಬೇರೆ ಪಾಠವಾಗಿತ್ತು: 2019ರ ಅಕ್ಟೋಬರ್ 5ರಿಂದ 52 ದಿನ ಮುಷ್ಕರ, ಸುಮಾರು 48,000 ಜನ ತಾವಾಗಿಯೇ ಕೆಲಸ ಕಳೆದುಕೊಂಡಿದ್ದಾರೆ ಎಂಬ ಸರ್ಕಾರದ ಘೋಷಣೆ, ಕೊನೆಗೆ ಬೇಡಿಕೆ ಈಡೇರದೆ ಮರಳಿಕೆ. ಅಲ್ಲಿ ವಿಲೀನದ ಮಸೂದೆಗೆ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ. ಎರಡೂ ಉದಾಹರಣೆ ಕಣ್ಣ ಮುಂದಿದ್ದವು. ಡಿಪೊಗಳಲ್ಲಿ ಓಡಾಡಿದ್ದು ಆಂಧ್ರದ್ದು.

2020ರ ಡಿಸೆಂಬರ್‌ನಲ್ಲಿ ಕೂಟ ಮೊದಲ ಮುಷ್ಕರ ಮಾಡಿತು. ನಾಲ್ಕು ದಿನ. ಡಿಸೆಂಬರ್ 14ರಂದು ಹತ್ತು ಬೇಡಿಕೆಗಳಲ್ಲಿ ಒಂಬತ್ತಕ್ಕೆ ಸರ್ಕಾರದ ಲಿಖಿತ ಭರವಸೆ ಸಿಕ್ಕಿತು. ಸರ್ಕಾರಿ ನೌಕರರೆಂದು ಪರಿಗಣಿಸಬೇಕೆಂಬ ಮುಖ್ಯ ಬೇಡಿಕೆ ಬಿಟ್ಟುಹೋಯಿತು. ವೇತನ ಆಯೋಗದ ಮಾತು ಪರಿಶೀಲನೆಯ ಭರವಸೆಯಾಗಿ ಪಟ್ಟಿಯಲ್ಲಿ ಉಳಿಯಿತು. ನಮ್ಮ ಲೆಕ್ಕದಲ್ಲಿ ಇಡೀ ಪ್ರಕರಣದ ತಿರುವು ಇದು, ಏಪ್ರಿಲ್‌ನದಲ್ಲ. ಲಿಖಿತ ಭರವಸೆ ಒಪ್ಪಂದ ಆಗುವುದಿಲ್ಲ. ಸಂಧಾನಾಧಿಕಾರಿಯ ಮುಂದೆ ದಾಖಲಾಗದ, ಇಂತಿಷ್ಟು ಇಂಥ ತಾರೀಖಿನಿಂದ ಎಂದು ಬರೆಯದ ಪತ್ರವನ್ನು ಹಿಡಿದು 33ಸಿ(1)ಕ್ಕೆ ಹೋಗಲು ಬರುವುದಿಲ್ಲ. ಎನ್‌ಐಎನ್‌ಸಿ, ಅಂತರ ನಿಗಮ ವರ್ಗಾವಣೆ, ತರಬೇತಿ ಅವಧಿ, ಪರಿಹಾರ, ಈ ನಾಲ್ಕನ್ನಾದರೂ ಆ ವಾರದಲ್ಲೇ 12(3) ಒಪ್ಪಂದವಾಗಿ ಬರೆಸಿಕೊಳ್ಳಬಹುದಿತ್ತು. ರಸ್ತೆಯಲ್ಲಿ ಅಷ್ಟು ಬಲ ಇದ್ದ ಹೊತ್ತು ಮತ್ತೆ ಬರಲಿಲ್ಲ.

ಯಾರು ಏನು ಹೇಳಿದರು

ಕೂಟದ ವಾದದ ತಿರುಳು ಗಟ್ಟಿ. ಟಿಕೆಟ್ ದರವನ್ನು ಸರ್ಕಾರ ಒಪ್ಪದೆ ಏರಿಸುವಂತಿಲ್ಲ. ನಷ್ಟದ ಮಾರ್ಗದಲ್ಲೂ ಬಸ್ಸು ಓಡಬೇಕು. ವಿದ್ಯಾರ್ಥಿ ಪಾಸು, ರಿಯಾಯಿತಿ ಎಲ್ಲ ಸರ್ಕಾರದ ತೀರ್ಮಾನ. 1950ರ ಕಾಯ್ದೆಯ 34ನೇ ಕಲಂ ಅಡಿ ಸರ್ಕಾರ ನಿಗಮಕ್ಕೆ ನಿರ್ದೇಶನ ಕೊಡಬಹುದು; ನೌಕರರ ಸೇವಾ ನಿಯಮಕ್ಕೂ ಸರ್ಕಾರದ ಪೂರ್ವಾನುಮತಿ ಬೇಕು. ಇಷ್ಟೆಲ್ಲ ಹಿಡಿತ ಇಟ್ಟುಕೊಂಡು ಸಂಬಳದ ದಿನ ಮಾತ್ರ ‘ನೀವು ನಿಗಮದವರು, ನಿಗಮ ನಷ್ಟದಲ್ಲಿದೆ’ ಎನ್ನುವುದು ಯಾವ ನ್ಯಾಯ ಎಂದು ಕೂಟ ಕೇಳಿತು. ಇದಕ್ಕೆ ಸರ್ಕಾರ ನೇರ ಉತ್ತರ ಕೊಡಲಿಲ್ಲ. ಇಂದಿಗೂ ಕೊಡಬೇಕಾಗಿದೆ. ನಾಲ್ಕು ವರ್ಷಕ್ಕೊಮ್ಮೆ ನಾಲ್ಕಾರು ಮುಖಂಡರು ಕೂತು ಶೇಕಡಾ ಹತ್ತು ಹನ್ನೆರಡಕ್ಕೆ ಒಪ್ಪಿ ಬರುವುದನ್ನು ಕೂಟದವರು ಸಂಘದ ಸಾಧನೆ ಎಂದು ಒಪ್ಪಲಿಲ್ಲ. ಸರ್ಕಾರಿ ನೌಕರರಾದರೆ ಈ ಚೌಕಾಸಿಯೇ ತಪ್ಪುತ್ತದೆ ಎಂಬುದು ಅವರ ನಂಬಿಕೆ.

ಫೆಡರೇಷನ್ ಆ ಚೌಕಾಸಿಯನ್ನೇ ಹಕ್ಕು ಎಂದು ಕಂಡಿತು. ಸರ್ಕಾರಿ ನೌಕರರಾದರೆ ಕೈಗಾರಿಕಾ ವಿವಾದ ಕಾಯ್ದೆಯ ರಕ್ಷಣೆ ಹೋಗುತ್ತದೆ, ನಡತೆ ನಿಯಮಗಳು ಬರುತ್ತವೆ, ಮುಷ್ಕರದ ಮಾತೇ ಶಿಸ್ತುಭಂಗವಾಗುತ್ತದೆ. ತಮಿಳುನಾಡಿನ ಸರ್ಕಾರಿ ನೌಕರರ ಮುಷ್ಕರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ, ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲ ಎಂದೇ ಹೇಳಿದೆ. ಬಸ್ ಚಾಲಕನಿಗೆ ಕಾರ್ಮಿಕ ನ್ಯಾಯಾಲಯದ ಬಾಗಿಲು ಇದೆ, ವಜಾ ಮಾಡಿದ್ದನ್ನು ಅಲ್ಲಿ ಪ್ರಶ್ನಿಸಬಹುದು. ಅದನ್ನು ಬಿಟ್ಟುಕೊಟ್ಟು ಆಯೋಗದ ದಾರಿ ಕಾಯುವುದು ನಷ್ಟ ಎಂಬುದು ಈ ಕಡೆಯ ಮಾತು.

ಕಾನೂನಿನಲ್ಲಿ ಫೆಡರೇಷನ್ ಸರಿ. ನಡೆದದ್ದು ಮಾತ್ರ ಅದಕ್ಕೆ ಅಷ್ಟು ಅನುಕೂಲವಾಗಿಲ್ಲ. 2023ರ ಮಾರ್ಚ್ 1ರಂದು ಮುಷ್ಕರದ ಹಕ್ಕಿಲ್ಲದ ರಾಜ್ಯ ಸರ್ಕಾರಿ ನೌಕರರು ಕೆಲಸ ಬಿಟ್ಟು ಕೂತರು; ಅದೇ ದಿನ ಶೇ. 17 ಮಧ್ಯಂತರ ಪರಿಹಾರದ ಆದೇಶ ಹೊರಬಿತ್ತು. ಮುಷ್ಕರದ ಹಕ್ಕಿರುವ ಸಾರಿಗೆ ನೌಕರರು ಎರಡು ವರ್ಷ ಹಿಂದೆ ಹದಿನೈದು ದಿನ ಕೂತು ಬರಿಗೈಲಿ ಎದ್ದಿದ್ದರು. ಕಾಗದದ ಮೇಲಿನ ಹಕ್ಕಿಗಿಂತ ಒಂದೇ ಸಂಘ, ಎಲ್ಲ ಇಲಾಖೆಯಲ್ಲೂ ಸದಸ್ಯರು, ಚುನಾವಣೆಯ ಹೊತ್ತು, ಇವು ಹೆಚ್ಚು ಕೆಲಸ ಮಾಡಿದವು.

ಸರ್ಕಾರದ ನಿಲುವು ಸರಳವಾಗಿತ್ತು. ಸಾರಿಗೆ ಖಾತೆಯ ಹೊಣೆ ಹೊತ್ತಿದ್ದ ಉಪ ಮುಖ್ಯಮಂತ್ರಿ ಲಕ್ಷ್ಮಣ ಸವದಿ ಆರನೇ ವೇತನ ಆಯೋಗ ಆಗದು ಎಂದರು. ಶೇ. 8ರ ಮಧ್ಯಂತರ ಹೆಚ್ಚಳಕ್ಕೆ ಸರ್ಕಾರ ಸಿದ್ಧವಿತ್ತು. ಬೆಳಗಾವಿ ಲೋಕಸಭೆ, ಮಸ್ಕಿ, ಬಸವಕಲ್ಯಾಣ ಉಪಚುನಾವಣೆಯ ಮತದಾನ ಏಪ್ರಿಲ್ 17ಕ್ಕೆ ಇದ್ದುದರಿಂದ ನೀತಿಸಂಹಿತೆ ಜಾರಿಯಲ್ಲಿತ್ತು. ಆಡಳಿತಕ್ಕೆ ಸಂಘ ಬೇಡ ಎಂಬ ಮಾತು ಎಷ್ಟೇ ಕೇಳಿಬಂದರೂ, ಆ ಹದಿನೈದು ದಿನ ಅದಕ್ಕಿದ್ದ ತೊಂದರೆ ಇನ್ನೊಂದು: ಮಾತಾಡಲು ಬಂದ ಹಳೆಯ ಸಂಘಗಳಿಗೆ ಬಸ್ಸು ಹೊರಡಿಸುವ ಶಕ್ತಿ ಇರಲಿಲ್ಲ, ಬಸ್ಸು ನಿಲ್ಲಿಸಿದ್ದ ಕೂಟದ ಜೊತೆ ಮಾತಾಡಲು ಸರ್ಕಾರಕ್ಕೆ ಮನಸ್ಸಿರಲಿಲ್ಲ.

ರೈತ ಮುಖಂಡರೊಬ್ಬರು ಬಸ್ ನೌಕರರ ಮುಂದಾಳಾಗುವುದು ಸರಿಯೇ ಎಂಬ ಚರ್ಚೆಯೂ ಎದ್ದಿತು. ಆಗ ಜಾರಿಯಲ್ಲಿದ್ದ 1926ರ ಕಾರ್ಮಿಕ ಸಂಘಗಳ ಕಾಯ್ದೆಯ 22ನೇ ಕಲಂ ಹೊರಗಿನವರಿಗೆ ಜಾಗ ಕೊಡುತ್ತಿತ್ತು: ಸಂಘಟಿತ ವಲಯದಲ್ಲಿ ಒಟ್ಟು ಪದಾಧಿಕಾರಿಗಳ ಮೂರನೇ ಒಂದು ಭಾಗ ಅಥವಾ ಐವರು, ಯಾವುದು ಕಡಿಮೆಯೋ ಅದು. ಹಳೆಯ ಸಂಘಗಳಿಗೂ ಹೊರಗಿನ ಮುಖಂಡರೇ ಆಸರೆ. ಕೆಲಸದಲ್ಲಿರುವವನು ಎದುರು ಮಾತಾಡಿದರೆ ನಾಳೆ ಬೆಳಿಗ್ಗೆ ವರ್ಗಾವಣೆ. ಹೊರಗಿನವರು ಇರುವುದರಲ್ಲಿ ತಪ್ಪಿಲ್ಲ. ಹೊರಗಿನವರನ್ನು ಬಂಧಿಸಿದಾಗ ಒಳಗೆ ಮುಂದಿನ ತೀರ್ಮಾನ ತೆಗೆದುಕೊಳ್ಳುವ ಸಮಿತಿ ಇದೆಯೇ ಎಂಬುದು ಪ್ರಶ್ನೆ. ಏಪ್ರಿಲ್ 10ರಂದು ಬೆಳಗಾವಿಯಲ್ಲಿ ಪೊಲೀಸರು ಕೋಡಿಹಳ್ಳಿ ಅವರನ್ನು ವಶಕ್ಕೆ ಪಡೆದಾಗ ಆ ಪ್ರಶ್ನೆ ನಿಜವಾಗಿಯೇ ಎದುರಾಯಿತು.

ಹದಿನೈದು ದಿನದಲ್ಲಿ ಮುರಿದದ್ದು ಏನು

ಮೊದಲ ದಿನಗಳಲ್ಲಿ ಬಂದ್ ಬಹುತೇಕ ಪೂರ್ಣ. ಆಮೇಲೆ ಆಡಳಿತ ಒಂದೊಂದೇ ಹಗ್ಗ ಎಳೆಯಿತು. ಅವುಗಳ ಕ್ರಮ ತಿಳಿದಿರುವುದು ಯಾವ ಸಂಘಕ್ಕಾದರೂ ಉಪಯೋಗ.

ಮೊದಲನೆಯದು ಸಂಬಳ. ಮುಷ್ಕರ ಶುರುವಾದದ್ದು ತಿಂಗಳ ಮೊದಲ ವಾರ, ಮಾರ್ಚ್ ಸಂಬಳ ಕೈಗೆ ಬರುವ ಮೊದಲು. ದುಡಿದ ತಿಂಗಳ ಸಂಬಳವೇ ಆಡಳಿತದ ಕೈಯಲ್ಲಿ ಉಳಿಯಿತು. ಡ್ಯೂಟಿಗೆ ಬಂದವರಿಗೆ ಮೊದಲು ಎಂದಿತು. ಏಪ್ರಿಲ್ 13 ಯುಗಾದಿ. ಸಂಬಳವಿಲ್ಲದ ಹಬ್ಬದ ಹಿಂದಿನ ದಿನ ನೌಕರರ ಮನೆಯವರು ತಟ್ಟೆ ಲೋಟ ಬಡಿದು ಬೀದಿಗೆ ಬಂದರು. ಹತ್ತು ದಿನ ಮೀರುವ ಮುಷ್ಕರಕ್ಕೆ ನಿಧಿ ಬೇಕು. ಲಕ್ಷಕ್ಕೂ ಮಿಗಿಲಾದ ನೌಕರರಿಂದ ತಿಂಗಳಿಗೆ 20 ರೂಪಾಯಿ ಎಂದರೂ ವರ್ಷಕ್ಕೆ 2 ಕೋಟಿ 40 ಲಕ್ಷ ಆಗುತ್ತದೆ. ಅದು ಎಲ್ಲರಿಗೂ ಸಂಬಳ ಕೊಡಲು ಸಾಲದು. ವಜಾ ಆದವರ ಮನೆಗೆ ಅಕ್ಕಿ ಬೇಳೆ, ವಕೀಲರ ಶುಲ್ಕಕ್ಕೆ ಸಾಕು. ವಾಟ್ಸ್‌ಆ್ಯಪ್ ಗುಂಪು ಕರೆದ ಕೂಡಲೇ ಜನರನ್ನು ಸೇರಿಸುತ್ತದೆ, ಇಂಥ ನಿಧಿಯನ್ನು ಕಟ್ಟುವುದಿಲ್ಲ.

ಎರಡನೆಯದು ತರಬೇತಿಯಲ್ಲಿದ್ದವರು. ಖಾಯಂ ನೌಕರನನ್ನು ವಜಾ ಮಾಡಲು ನಿಗಮದ 1971ರ ನಡತೆ ಮತ್ತು ಶಿಸ್ತು ನಿಯಮಾವಳಿ ಪ್ರಕಾರ ಆಪಾದನಾ ಪತ್ರ, ಉತ್ತರ, ಇಲಾಖಾ ವಿಚಾರಣೆ ಆಗಬೇಕು. ತರಬೇತಿಯವನಿಗೆ ಇಷ್ಟು ಗುರಾಣಿ ಇಲ್ಲ. ನೋಟಿಸ್ ಮೊದಲು ಹೋದದ್ದು ಅವನಿಗೆ, ಮೊದಲು ಬಸ್ಸು ಹತ್ತಿದವನೂ ಅವನೇ. ಅವನನ್ನು ದ್ರೋಹಿ ಎಂದು ಕರೆದವರು ಅವನ ಸ್ಥಿತಿ ಅರಿತವರಲ್ಲ. ತರಬೇತಿ ಅವಧಿ ಇಳಿಸುವ ಬೇಡಿಕೆ ಡಿಸೆಂಬರ್ ಪಟ್ಟಿಯಲ್ಲೇ ಇತ್ತು. ಅದು ಆಗಲೇ ಒಪ್ಪಂದವಾಗಿದ್ದರೆ ಏಪ್ರಿಲ್‌ನಲ್ಲಿ ಈ ಬಿರುಕು ಇಷ್ಟು ಅಗಲ ಇರುತ್ತಿರಲಿಲ್ಲ.

ಆಮೇಲೆ ದೂರದ ಡಿಪೊಗಳಿಗೆ ವರ್ಗಾವಣೆ, ವಸತಿಗೃಹ ಖಾಲಿ ಮಾಡುವ ನೋಟಿಸ್, ಅಗತ್ಯ ಸೇವೆಗಳಲ್ಲಿ ಮುಷ್ಕರ ನಿಷೇಧಿಸುವ ಎಸ್ಮಾ ಕಾಯ್ದೆ ಬಳಸುವ ಎಚ್ಚರಿಕೆ, ನಿವೃತ್ತ ಚಾಲಕರಿಗೆ ಕರೆ. ಖಾಸಗಿ ಬಸ್ಸುಗಳು ನಿಗಮದ ನಿಲ್ದಾಣದೊಳಕ್ಕೇ ಬಂದವು. ಅಮಾನತು, ವಜಾ ಸೇರಿ ಬಿಎಂಟಿಸಿ ಒಂದರಲ್ಲೇ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಕ್ರಮ ಆಯಿತು. ಓಡುತ್ತಿದ್ದ ಬಸ್ಸುಗಳಿಗೆ ಕಲ್ಲು ಬಿದ್ದವು. ಜಮಖಂಡಿ ಬಳಿ ಬಸ್ಸು ಓಡಿಸುತ್ತಿದ್ದ ಚಾಲಕರೊಬ್ಬರು ಕಲ್ಲೇಟಿಗೆ ಸತ್ತರು. ದುಡಿಯುವವನ ಕೈಯಿಂದ ದುಡಿಯುವವನ ಪ್ರಾಣ ಹೋಗುವ ಸ್ಥಿತಿಯನ್ನು ಯಾವ ಬೇಡಿಕೆಯೂ ಸಮರ್ಥಿಸದು. ಅಲ್ಲಿಂದ ಮುಂದೆ ಜನರ ಒಲವೂ ಕಡಿಮೆಯಾಯಿತು.

ಕೊನೆಯದು ಕೋವಿಡ್‌ನ ಎರಡನೇ ಅಲೆ. ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರಿದ್ದ ಪೀಠ, ಇಂಥ ಹೊತ್ತಿನಲ್ಲಿ ಬಸ್ಸು ನಿಲ್ಲಿಸುವುದು ಜನರ ಜೀವಿಸುವ ಹಕ್ಕಿಗೆ ಧಕ್ಕೆ ಎಂಬ ನಿಲುವು ತಳೆಯಿತು. ಮರುದಿನ ಮುಷ್ಕರ ಹಿಂದಕ್ಕೆ ಪಡೆದರು. ಏಪ್ರಿಲ್ 27ರಿಂದ ರಾಜ್ಯವೇ ಲಾಕ್‌ಡೌನ್‌ಗೆ ಹೋಯಿತು. ಆಗ ಬಸ್ಸು ನಿಲ್ಲಿಸಿದರೂ ಓಡಿಸಿದರೂ ಯಾರಿಗೂ ಒತ್ತಡ ಇರುತ್ತಿರಲಿಲ್ಲ.

ಲೆಕ್ಕ

ಉದಾಹರಣೆಗೆ ಚಾಲಕನೊಬ್ಬನ ಮೂಲ ವೇತನ 16,000 ರೂಪಾಯಿ ಎಂದಿಟ್ಟುಕೊಳ್ಳೋಣ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಬಿಟ್ಟುಬಿಡೋಣ.

2021ರ ಏಪ್ರಿಲ್‌ನಲ್ಲಿ ಮುಂದಿಟ್ಟಿದ್ದ ಶೇ. 8 ಒಪ್ಪಿದ್ದರೆ ತಿಂಗಳಿಗೆ 1,280 ರೂಪಾಯಿ. ಮುಂದಿನ ಹೆಚ್ಚಳ ಬಂದದ್ದು 2023ರ ಮಾರ್ಚ್ 1ಕ್ಕೆ, ಶೇ. 15. ನಡುವಿನ 23 ತಿಂಗಳಿಗೆ ಕೈತಪ್ಪಿದ್ದು 29,440. ಹದಿನೈದು ದಿನದ ಮೂಲ ವೇತನ 8,000 ಬೇರೆ. ಶೇ. 15 ಎಂದರೆ 2,400, ಶೇ. 8ಕ್ಕಿಂತ ತಿಂಗಳಿಗೆ 1,120 ಹೆಚ್ಚು. ಕಳೆದ 37,440ನ್ನು ಆ 1,120ರಿಂದ ತುಂಬಿಕೊಳ್ಳಲು 33 ತಿಂಗಳಿಗಿಂತ ಹೆಚ್ಚು ಬೇಕು, ಅಂದರೆ 2025ರ ಕೊನೆ. ಶೇ. 8 ಮಧ್ಯಂತರ ಮಾತ್ರ, ಅದನ್ನು ಪಡೆದೂ ಉಳಿದದ್ದಕ್ಕೆ ಹೋರಾಡಬಹುದಿತ್ತು. ‘ಆರನೇ ವೇತನ ಆಯೋಗ ಅಥವಾ ಏನೂ ಬೇಡ’ ಎಂದ ಕೂಟಕ್ಕೆ ಇಳಿಯಲು ಮೆಟ್ಟಿಲೇ ಇರಲಿಲ್ಲ. ಬೇಡಿಕೆ ಪಟ್ಟಿಯಲ್ಲಿ ಗರಿಷ್ಠ, ನಿರೀಕ್ಷಿತ, ಬಿಡಲಾಗದ ಕನಿಷ್ಠ ಎಂದು ಮೂರು ಅಂಕಿಗಳನ್ನು ಸಮಿತಿ ಮೊದಲೇ ಬರೆದಿಟ್ಟುಕೊಳ್ಳಬೇಕು. ಸಾರ್ವಜನಿಕವಾಗಿ ಗರಿಷ್ಠವೊಂದನ್ನೇ ಪ್ರಮಾಣ ಮಾಡಿದರೆ, ಕೆಳಗಿಳಿದ ಯಾವ ಮುಖಂಡನೂ ಡಿಪೊಗೆ ಮುಖ ತೋರಿಸಲಾಗದು.

ಇನ್ನು ಹಳೆಯ ಸಂಘಗಳ ಪಾಲಿನ ಲೆಕ್ಕ. 2023ರ ಮಾರ್ಚ್‌ನಲ್ಲಿ, ವಿಧಾನಸಭಾ ಚುನಾವಣೆ ಹೊಸ್ತಿಲಲ್ಲಿದ್ದಾಗ, ಅನಂತಸುಬ್ಬರಾವ್ ನೇತೃತ್ವದ ಜಂಟಿ ಕ್ರಿಯಾ ಸಮಿತಿ ಮುಷ್ಕರದ ದಿನ ಗೊತ್ತುಮಾಡಿತು. ಸರ್ಕಾರ ಶೇ. 15ರ ಆದೇಶ ಹೊರಡಿಸಿತು, ಮುಷ್ಕರ ನಿಂತಿತು. ಆದರೆ ಆದೇಶದಲ್ಲಿ ಜಾರಿ ದಿನಾಂಕ 2023ರ ಮಾರ್ಚ್ 1. ಬರಬೇಕಿದ್ದುದು 2020ರ ಜನವರಿ 1ರಿಂದ. ನಡುವೆ 38 ತಿಂಗಳು. ನಮ್ಮ ಚಾಲಕನಿಗೆ ತಿಂಗಳಿಗೆ 2,400ರಂತೆ 91,200 ರೂಪಾಯಿ, ಮೂಲ ವೇತನದ ಮೇಲೆ ಮಾತ್ರ. ಆ ಅವಧಿಯಲ್ಲಿ ನಿವೃತ್ತನಾದವನ ಗ್ರಾಚ್ಯುಟಿಯೂ ಕೊನೆಯ ವೇತನದ ಮೇಲೇ ನಿಂತದ್ದು: 30 ವರ್ಷ ಸೇವೆಗೆ, 15/26ರ ಸೂತ್ರದಲ್ಲಿ, ಸುಮಾರು 41,500 ರೂಪಾಯಿಯ ವ್ಯತ್ಯಾಸ.

ಆಗ ಪತ್ರಿಕೆಗಳಲ್ಲಿ ಕಂಡದ್ದು ಶೇ. 15 ಎಂಬ ಅಂಕಿ. ಕೂಟ ಕೇಳಿದ್ದಕ್ಕೆ ಹೋಲಿಸಿದರೆ ಕಡಿಮೆ, 2016ಕ್ಕೆ ಹೋಲಿಸಿದರೆ ಹೆಚ್ಚು ಎಂಬ ವಾದ. ದಿನಾಂಕದ ಸಾಲನ್ನು ಕೆಲವರಷ್ಟೇ ಓದಿದರು. ಸಂಧಾನಾಧಿಕಾರಿಯ ಮುಂದೆ ‘01-01-2020ರಿಂದ ಜಾರಿ, ಹಿಂಬಾಕಿ ಇಷ್ಟು ಕಂತಿನಲ್ಲಿ’ ಎಂದು ಬರೆಸಿದ್ದರೆ ಅದು ವಸೂಲಿಗೆ ಬರುವ ಹಣ. ಸರ್ಕಾರಿ ಆದೇಶದಲ್ಲಿ ಸರ್ಕಾರವೇ ಬರೆದ ತಾರೀಖಿಗೆ ಸಿಕ್ಕ ಹಣ, ಅದರ ಹಿಂದಿನದು ಬರಿ ಬೇಡಿಕೆ. ಒಪ್ಪಂದವೇ ನಮ್ಮ ಶಕ್ತಿ ಎನ್ನುತ್ತಿದ್ದ ಸಂಘಗಳು ಆ ಗಳಿಗೆಯಲ್ಲಿ ಆದೇಶಕ್ಕೆ ತೃಪ್ತರಾದದ್ದು ಕೂಟದ ತಪ್ಪಿಗಿಂತ ದೊಡ್ಡ ಬೆಲೆ ತೆತ್ತಿತು ಎಂಬುದು ನಮ್ಮ ಅಭಿಪ್ರಾಯ. ಕೂಟಕ್ಕೆ ಈ ಕಲಂಗಳ ಅನುಭವ ಇರಲಿಲ್ಲ. ಇವರಿಗೆ ಇತ್ತು.

ಎರಡೂ ವರ್ಷ ಸೇರಿಸಿ ನೋಡಿದರೆ, 2021ರಲ್ಲಿ ಬಸ್ಸು ನಿಲ್ಲಿಸುವ ಜನ ಇದ್ದರು, ಕರಾರು ಬರೆಯುವವರು ಹೊರಗಿದ್ದರು. 2023ರಲ್ಲಿ ಕರಾರು ಬಲ್ಲವರು ಒಳಗಿದ್ದರು, 2021ರ ಪೆಟ್ಟು ತಿಂದ ಡಿಪೊಗಳು ಇನ್ನೊಂದು ದೀರ್ಘ ಮುಷ್ಕರಕ್ಕೆ ಸಿದ್ಧವಿರಲಿಲ್ಲ. ಅದು ಸರ್ಕಾರಕ್ಕೂ ಗೊತ್ತಿತ್ತು.

ಬಾಕಿ ಉಳಿದದ್ದು

38 ತಿಂಗಳ ಹಿಂಬಾಕಿ ಹಾಗೇ ಉಳಿಯಿತು. 2024ರ ಜನವರಿ 1ಕ್ಕೆ ಇನ್ನೊಂದು ಪರಿಷ್ಕರಣೆಯ ದಿನ ಬಂತು, ಹೋಯಿತು. 2025ರ ಆಗಸ್ಟ್ 5ರಂದು ಜಂಟಿ ಕ್ರಿಯಾ ಸಮಿತಿ ಮತ್ತೆ ಬಸ್ಸು ನಿಲ್ಲಿಸಿದಾಗ ಮುಂದಿದ್ದವು ಇವೇ ಎರಡು: 1,785 ಕೋಟಿ ರೂಪಾಯಿ ಹಿಂಬಾಕಿ ಮತ್ತು ಶೇ. 25 ಹೆಚ್ಚಳ. ಹಿಂದಿನ ದಿನವೇ ಹೈಕೋರ್ಟ್ ಒಂದು ದಿನದ ಮಟ್ಟಿಗೆ ಮುಷ್ಕರ ತಡೆದಿತ್ತು. ಆದರೂ ಬೆಳಿಗ್ಗೆ ಬಸ್ಸು ನಿಂತವು, ನ್ಯಾಯಾಲಯ ಖಾರವಾಗಿ ಪ್ರಶ್ನಿಸಿತು, ಅದೇ ದಿನ ಮುಷ್ಕರ ಮುಂದಕ್ಕೆ ಹೋಯಿತು.

ನ್ಯಾಯಾಲಯದ ಬಾಗಿಲಲ್ಲಿ ಮುಷ್ಕರ ನಿಲ್ಲುವುದಕ್ಕೆ ವಿಧಿವಿಧಾನವೂ ಒಂದು ಕಾರಣ. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯ 22ನೇ ಕಲಂನಲ್ಲಿ ಸಾರ್ವಜನಿಕ ಉಪಯುಕ್ತ ಸೇವೆಗೆ ಮುಷ್ಕರದ ನೋಟಿಸ್ ಬೇಕಿತ್ತು, ನೋಟಿಸ್ ಕೊಟ್ಟು 14 ದಿನ ಆಗಿರಬೇಕಿತ್ತು, ಆರು ವಾರ ಮೀರಿರಬಾರದಿತ್ತು. ನೋಟಿಸ್ ಸಂಧಾನಾಧಿಕಾರಿಗೆ ತಲುಪಿದ ದಿನವೇ ಸಂಧಾನ ಶುರುವಾಯಿತು ಎಂದು 20ನೇ ಕಲಂ ಹೇಳುತ್ತಿತ್ತು. ಸಂಧಾನ ನಡೆಯುವಾಗ ಮತ್ತು ಮುಗಿದ ಏಳು ದಿನದವರೆಗೆ ಮುಷ್ಕರ ಮಾಡುವಂತಿಲ್ಲ. ಸಂಧಾನ ಎಳೆದಷ್ಟೂ ಮುಷ್ಕರ ಅಕ್ರಮ. ಈ ಬೋನಿನಿಂದ ಹೊರಬರಲು ಸಂಘ ಮಾಡಬೇಕಾದ್ದು ಸಂಧಾನದ ಪ್ರತಿ ಸಭೆಯ ನಡಾವಳಿಯಲ್ಲಿ ತನ್ನ ಹೇಳಿಕೆ ಬರೆಸುವುದು, ಆಡಳಿತ ಗೈರಾದ ದಿನವನ್ನು ದಾಖಲಿಸುವುದು, ಸಂಧಾನ ವಿಫಲವಾಯಿತು ಎಂಬ ವರದಿ ಬೇಕೆಂದು ಲಿಖಿತವಾಗಿ ಒತ್ತಾಯಿಸುವುದು. ಬೇಸರದ ಕೆಲಸ. ನ್ಯಾಯಾಲಯದಲ್ಲಿ ಮಾತಾಡುವುದು ಆ ಕಾಗದಗಳು ಮಾತ್ರ.

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿ 14 ದಿನದ ನೋಟಿಸ್ ಈಗ ಎಲ್ಲ ಸಂಸ್ಥೆಗಳಿಗೂ ಅನ್ವಯ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರ. ಅಕ್ರಮ ಮುಷ್ಕರಕ್ಕೆ ಹಿಂದೆ 50 ರೂಪಾಯಿವರೆಗೆ ಇದ್ದ ದಂಡ ಈಗ ಕನಿಷ್ಠ 1,000, ಗರಿಷ್ಠ 10,000 ರೂಪಾಯಿ. ಸಾರಿಗೆ ನೌಕರರ ಮಟ್ಟಿಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ಮಾತುಕತೆಯ ಹಕ್ಕು ಯಾರಿಗೆ ಎಂಬ ನಿಯಮ. ಹಾಜರಿ ಪಟ್ಟಿಯ ಶೇ. 51 ಕಾರ್ಮಿಕರು ಸದಸ್ಯರಾಗಿರುವ ಸಂಘವೇ ಏಕೈಕ ಮಾತುಕತೆ ಸಂಘ. ಯಾರಿಗೂ ಅಷ್ಟು ಇಲ್ಲದಿದ್ದರೆ ಕನಿಷ್ಠ ಶೇ. 20 ಇರುವ ಸಂಘಗಳ ಪ್ರತಿನಿಧಿಗಳು ಸೇರಿದ ಮಾತುಕತೆ ಮಂಡಳಿ.

ನಾಲ್ಕು ನಿಗಮಗಳ ಹಾಜರಿ ಪಟ್ಟಿ ಬೇರೆ ಬೇರೆ. ಹುಬ್ಬಳ್ಳಿಯಲ್ಲಿ ಒಂದು ಸಂಘ, ಕಲಬುರಗಿಯಲ್ಲಿ ಇನ್ನೊಂದು, ಬಿಎಂಟಿಸಿಯಲ್ಲಿ ಯಾರಿಗೂ ಬಹುಮತವಿಲ್ಲದ ಮಂಡಳಿ ಎಂದಾದರೆ ಒಟ್ಟಿಗೆ ನಡೆದುಬಂದ ವೇತನದ ಮಾತುಕತೆ ಒಡೆಯಬಹುದು. ಶೇ. 20 ಮುಟ್ಟದ ಸಂಘಕ್ಕೆ ಮೇಜಿನಲ್ಲಿ ಕುರ್ಚಿಯೇ ಇಲ್ಲ. ಫೆಡರೇಷನ್, ಸಿಐಟಿಯು ಎಂಬ ಇನ್ನೊಂದು ರಾಷ್ಟ್ರಮಟ್ಟದ ಸಂಘಟನೆಗೆ ಸೇರಿದ ಸಂಘ, ಕೂಟದಿಂದ ಹೊರಬಂದ ಬಣಗಳು ಈಗ ಡಿಪೊ ಡಿಪೊಗೆ ಹೋಗಿ ಸದಸ್ಯತ್ವ ರಸೀದಿ ಎಣಿಸಬೇಕಾಗಿದೆ. ನಾಲ್ಕೂ ನಿಗಮಗಳಿಗೆ ಒಂದೇ ಮಾತುಕತೆ ಇರಬೇಕು ಎಂದು ಮೊದಲೇ ಲಿಖಿತ ಒಡಂಬಡಿಕೆ ಮಾಡಿಕೊಂಡು, ಬೇಡಿಕೆ ಪಟ್ಟಿಯ ಮೊದಲ ಸಾಲಿನಲ್ಲಿ ಶೇಕಡಾವಾರಿಗೆ ಮುಂಚೆ ಜಾರಿ ದಿನಾಂಕವನ್ನು ಬರೆಯುವುದು ಆ ಎಣಿಕೆ ಮುಗಿಯುವ ಮೊದಲೇ ಆಗಬೇಕಾದ ಕೆಲಸ.